ಬ್ರೈಟನ್‌ನಲ್ಲಿ ಜಪಾನ್ ಗೆದ್ದ ಸಂಜೆ: ಪದೇ ಪದೇ ಕೇಳುವ ಪ್ರಶ್ನೆಗಳು

ರಗ್ಬಿ ಬಗ್ಗೆ ಮಾತು ಬಂದರೆ ನಾನು ಕೊನೆಗೆ ಇದೊಂದು ಪಂದ್ಯಕ್ಕೇ ಬಂದು ನಿಲ್ಲುತ್ತೇನೆ. ಕೇಳಿದವರು ತಿರುಗಿ ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ ಥರ. ಅವನ್ನೆಲ್ಲ ಒಂದು ಕಡೆ ಕೂಡಿಸಿ ನನಗೆ ತಿಳಿದಂತೆ ಉತ್ತರ ಬರೆದಿದ್ದೇನೆ. ರಗ್ಬಿಯನ್ನು ಒಮ್ಮೆಯೂ ನೋಡದವರಿಗೂ ಅರ್ಥವಾಗಲಿ ಅನ್ನೋದು ಆಸೆ.

ಮೊದಲು ಚುಟುಕಾಗಿ ಹೇಳಿ, ಏನಾಯಿತು?

2015ರ ಸೆಪ್ಟೆಂಬರ್ 19. ಇಂಗ್ಲೆಂಡಿನ ಕಡಲತೀರದ ಊರು ಬ್ರೈಟನ್. ರಗ್ಬಿ ವಿಶ್ವಕಪ್‌ನ ಗುಂಪು ಹಂತದ ಪಂದ್ಯ. ಎರಡು ಸಲ ವಿಶ್ವಕಪ್ ಗೆದ್ದಿದ್ದ ದಕ್ಷಿಣ ಆಫ್ರಿಕಾವನ್ನು ಜಪಾನ್ 34–32ರಿಂದ ಸೋಲಿಸಿತು. ಗೆಲುವಿನ ಅಂಕ ಬಂದದ್ದು 84ನೇ ನಿಮಿಷದಲ್ಲಿ. ರಗ್ಬಿ ಪಂದ್ಯ ಇರೋದೇ 80 ನಿಮಿಷ.

80 ನಿಮಿಷದ ಆಟದಲ್ಲಿ 84ನೇ ನಿಮಿಷ ಎಲ್ಲಿಂದ ಬಂತು?

ರಗ್ಬಿಯಲ್ಲಿ ಸಮಯ ಮುಗಿದ ತಕ್ಷಣ ಆಟ ನಿಲ್ಲುವುದಿಲ್ಲ. 80 ನಿಮಿಷ ಆದ ಮೇಲೆ ಚೆಂಡು ಹೊರಗೆ ಹೋಗಬೇಕು, ಇಲ್ಲವೇ ಚೆಂಡು ಇಟ್ಟುಕೊಂಡವರು ತಪ್ಪು ಮಾಡಬೇಕು. ಅಲ್ಲಿಯವರೆಗೂ ಆಟ ಮುಂದುವರಿಯುತ್ತದೆ. ಎದುರಾಳಿ ತಪ್ಪು ಮಾಡಿ ಪೆನಾಲ್ಟಿ ಸಿಕ್ಕರೂ ಆಟ ಮುಗಿಯಲ್ಲ. ಅಂದರೆ ಚೆಂಡು ನಿಮ್ಮ ಕೈಯಲ್ಲಿದ್ದು, ನೀವು ತಪ್ಪು ಮಾಡದೆ ಇದ್ದರೆ ಇನ್ನೂ ಒಂದು ಅವಕಾಶ ಇದೆ ಅಂತ ಅರ್ಥ. ಈ ನಿಯಮ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೇನು ನಿಯಮ ಗೊತ್ತಿರಬೇಕು?

ಜಾಸ್ತಿ ಬೇಡ. ಒಂದು ತಂಡದಲ್ಲಿ 15 ಜನ. ಚೆಂಡನ್ನು ಕೈಯಿಂದ ಹಿಂದಕ್ಕೆ ಅಥವಾ ಪಕ್ಕಕ್ಕೆ ಮಾತ್ರ ಕೊಡಬಹುದು, ಮುಂದಕ್ಕೆ ಎಸೆಯುವ ಹಾಗಿಲ್ಲ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ, 5 ಅಂಕ. ಆಮೇಲೆ ಕಂಬಗಳ ನಡುವೆ ಒದೆಯುವ ಕನ್ವರ್ಷನ್‌ಗೆ 2. ಎದುರಾಳಿ ತಪ್ಪು ಮಾಡಿ ಪೆನಾಲ್ಟಿ ಸಿಕ್ಕಾಗ ಕಂಬದ ನಡುವೆ ಒದ್ದರೆ 3. ಪೆನಾಲ್ಟಿ ಸಿಕ್ಕಾಗ ಒದೆಯಲೇಬೇಕು ಅಂತಿಲ್ಲ, ಸ್ಕ್ರಮ್ ಕೇಳಬಹುದು. ಸ್ಕ್ರಮ್ ಅಂದರೆ ಎರಡೂ ಕಡೆಯ ಎಂಟೆಂಟು ದಪ್ಪ ಆಳುಗಳು ತಲೆ ಬಗ್ಗಿಸಿ, ಹೆಗಲಿಗೆ ಹೆಗಲು ಕೊಟ್ಟು ತಳ್ಳಾಡುವುದು. ಚೆಂಡು ಅವರ ಕಾಲಡಿಯಿಂದ ಹೊರಗೆ ಬರುತ್ತದೆ.

ಜಪಾನ್ ನಿಜವಾಗಲೂ ಅಷ್ಟು ದುರ್ಬಲ ತಂಡ ಆಗಿತ್ತಾ?

ದಾಖಲೆ ನೋಡಿ. 1987ರಿಂದ 2011ರವರೆಗೆ ಏಳು ವಿಶ್ವಕಪ್ ಆಗಿದ್ದವು, ಏಳರಲ್ಲೂ ಜಪಾನ್ ಆಡಿತ್ತು. ಒಟ್ಟು 24 ಪಂದ್ಯ. ಗೆದ್ದದ್ದು ಒಂದೇ ಒಂದು, 1991ರಲ್ಲಿ ಜಿಂಬಾಬ್ವೆ ಎದುರು. ಕೆನಡಾ ಜೊತೆ ಎರಡು ಡ್ರಾ. ಉಳಿದ 21 ಸೋಲು.

ಆ ಸೋಲುಗಳಲ್ಲಿ ಒಂದನ್ನು ಜಪಾನಿನ ರಗ್ಬಿ ಅಭಿಮಾನಿಗಳು ಮರೆಯಲು ಸಾಧ್ಯವೇ ಇರಲಿಲ್ಲ. 1995ರಲ್ಲಿ, ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್‌ನಲ್ಲೇ, ನ್ಯೂಜಿಲೆಂಡ್ ಅವರ ಮೇಲೆ 145 ಅಂಕ ಗಳಿಸಿತ್ತು. ಜಪಾನ್ ಗಳಿಸಿದ್ದು 17. ಇಪ್ಪತ್ತು ವರ್ಷ ಆ ಸಂಖ್ಯೆ ತಂಡದ ಬೆನ್ನು ಬಿಡಲಿಲ್ಲ.

ಹಾಗಂತ ಬ್ರೈಟನ್‌ಗೆ ಬರುವ ಹೊತ್ತಿಗೆ ಅದು ಹಳೆಯ ಜಪಾನ್ ಆಗಿ ಉಳಿದಿರಲಿಲ್ಲ. 2013ರಲ್ಲಿ ಟೋಕಿಯೊದಲ್ಲಿ ವೇಲ್ಸ್ ತಂಡವನ್ನು 23–8ರಿಂದ ಸೋಲಿಸಿತ್ತು. ವೇಲ್ಸ್‌ನ ಮುಖ್ಯ ಆಟಗಾರರು ಅಂದು ಬೇರೆ ಪ್ರವಾಸದಲ್ಲಿದ್ದರು, ನಿಜ. ಆದರೂ ಗೆಲುವು ಗೆಲುವೇ. ಮಾರನೇ ವರ್ಷ ಇಟಲಿಯನ್ನೂ ಸೋಲಿಸಿದರು. ಹೊರಗಿನ ಜಗತ್ತು ಅದನ್ನು ಅಷ್ಟಾಗಿ ಗಮನಿಸಲಿಲ್ಲ, ಅಷ್ಟೇ.

ಕ್ರಿಕೆಟ್, ಫುಟ್‌ಬಾಲ್‌ನಲ್ಲೂ ಸಣ್ಣ ತಂಡ ದೊಡ್ಡ ತಂಡವನ್ನು ಸೋಲಿಸುತ್ತದೆ. ಇದರಲ್ಲಿ ಏನು ವಿಶೇಷ?

ಫುಟ್‌ಬಾಲ್‌ನಲ್ಲಿ 90 ನಿಮಿಷ ಗೋಲಿನ ಮುಂದೆ ಗೋಡೆ ಕಟ್ಟಿ ನಿಂತು, ಒಂದೇ ಒಂದು ಸಲ ಮುಂದೆ ಓಡಿ ಗೋಲು ಹೊಡೆದು ಗೆಲ್ಲಬಹುದು. ಕ್ರಿಕೆಟ್‌ನಲ್ಲಿ ಪಿಚ್, ಟಾಸ್, ಮಳೆ, ಯಾರೋ ಒಬ್ಬರ ದಿನ, ಹೀಗೆ ಏನಾದರೂ ಕೈ ಹಿಡಿಯಬಹುದು. ರಗ್ಬಿಯಲ್ಲಿ ಆ ದಾರಿಗಳು ತುಂಬಾ ಕಡಿಮೆ. ಪ್ರತಿ ನಿಮಿಷ ಮೈಗೆ ಮೈ ಬಡಿಯುವ ಆಟ ಇದು. ತೂಕ ಜಾಸ್ತಿ ಇರುವ ತಂಡ ತಳ್ಳುತ್ತಾ, ಕೆಡವುತ್ತಾ ಎದುರಾಳಿಯ ಕಾಲಿನ ಕಸುವನ್ನೇ ಹೀರಿಬಿಡುತ್ತದೆ. ಅರುವತ್ತು ನಿಮಿಷ ತಡೆದರೂ ಕೊನೆಯ ಇಪ್ಪತ್ತರಲ್ಲಿ ಸಣ್ಣ ತಂಡ ಕುಸಿದುಹೋಗುತ್ತದೆ. ಸಾಮಾನ್ಯವಾಗಿ ಆಗುವುದು ಅದೇ.

ಇನ್ನು ಆ ದಿನದ ಆಳುಗಳನ್ನು ನೋಡಿ. ದಕ್ಷಿಣ ಆಫ್ರಿಕಾದ ವಿಕ್ಟರ್ ಮ್ಯಾಟ್‌ಫೀಲ್ಡ್, ಲೂಡ್ ಡಿ ಯಾಗರ್ ಇಬ್ಬರೂ 2 ಮೀಟರ್ ದಾಟಿದವರು. ಜಪಾನ್ ಪರ ಚೆಂಡು ಹಂಚುತ್ತಿದ್ದ ಫುಮಿಯಾಕಿ ತನಾಕಾ ಅವರ ಎತ್ತರ 166 ಸೆಂಟಿಮೀಟರ್. ಇಂಥವರು 80 ನಿಮಿಷ ಎದುರು ನಿಂತು, ಕೊನೆಯ ನಾಲ್ಕು ನಿಮಿಷದಲ್ಲಿ ಎದುರಾಳಿಗಿಂತ ಚುರುಕಾಗಿ ಓಡಿದರು ಅನ್ನೋದೇ ನನಗೆ ಈ ಪಂದ್ಯದ ದೊಡ್ಡ ಸಂಗತಿ.

ಅದೃಷ್ಟ ಚೆನ್ನಾಗಿತ್ತು ಅಲ್ವಾ? ಎಲ್ಲರೂ ಪವಾಡ ಅಂತಾರೆ.

ಈ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಕೊಡುತ್ತೇನೆ, ಯಾಕೆಂದರೆ ಪವಾಡ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತಾನಾಗಿ ಆದದ್ದಕ್ಕೆ ಪವಾಡ ಅನ್ನಬಹುದು. ಇದು ಬೆವರು ಸುರಿಸಿ ಮಾಡಿದ್ದು.

ಕೋಚ್ ಎಡ್ಡಿ ಜೋನ್ಸ್ 2012ರಲ್ಲಿ ಬಂದಾಗ ಒಂದು ವಿಷಯ ಸ್ಪಷ್ಟವಾಗಿತ್ತು. ಜಪಾನಿನ ಆಟಗಾರರನ್ನು ದಕ್ಷಿಣ ಆಫ್ರಿಕಾದವರಷ್ಟು ದೊಡ್ಡ ಮಾಡಲು ಆಗಲ್ಲ. ಹಾಗಾಗಿ ಅವರಿಗಿಂತ ಜಾಸ್ತಿ ಹೊತ್ತು ಓಡುವವರನ್ನಾಗಿ, ಅವರಿಗಿಂತ ಬೇಗ ಎದ್ದು ನಿಲ್ಲುವವರನ್ನಾಗಿ ಮಾಡಬೇಕು. ಮಿಯಾಜಾಕಿಯ ಶಿಬಿರದಲ್ಲಿ ಬೆಳಿಗ್ಗೆ ಐದಕ್ಕೇ ಅಭ್ಯಾಸ ಶುರುವಾಗುತ್ತಿತ್ತು. ಒಂದೇ ದಿನದಲ್ಲಿ ಮೂರು, ಕೆಲವು ದಿನ ನಾಲ್ಕು ಸರದಿ. ಮೇಲಿನಿಂದ ಡ್ರೋನ್ ಹಾರಿಸಿ ಚಿತ್ರ ತೆಗೆದು, ಯಾರು ಎಲ್ಲಿ ನಿಂತಿರಬೇಕಿತ್ತು ಅಂತ ತೋರಿಸುತ್ತಿದ್ದರು.

ಟ್ಯಾಕಲ್, ಅಂದರೆ ಚೆಂಡು ಹಿಡಿದು ಓಡುವವರನ್ನು ಹಿಡಿದು ಕೆಡವುವುದನ್ನು ಕಲಿಸಲು ರಗ್ಬಿಯವರನ್ನು ಬಿಟ್ಟು ತ್ಸುಯೋಶಿ ಕೊಸಾಕಾ ಎಂಬ ಹೆಸರಾಂತ ಮಲ್ಲಯೋಧರನ್ನು ಕರೆತಂದರು. ಪಂಜರದ ಕಾಳಗಗಳಲ್ಲಿ ಆಡಿದವರು ಅವರು. ಅವರು ಹೇಳಿಕೊಟ್ಟದ್ದು ಕೆಳಗೆ ಹೋಗುವುದನ್ನು. ದೊಡ್ಡ ಆಳಿನ ಎದೆಗೆ ಹೋದರೆ ಅವನು ನಿಮ್ಮನ್ನೇ ಎತ್ತಿಕೊಂಡು ಹೋಗುತ್ತಾನೆ. ಕಾಲಿಗೆ ಹೋದರೆ ನೂರಿಪ್ಪತ್ತು ಕಿಲೋ ಇದ್ದರೂ ಬೀಳಲೇಬೇಕು. ಕಬಡ್ಡಿಯಲ್ಲಿ ಪಾದದ ಗಂಟು ಹಿಡಿಯುವವರನ್ನು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಸ್ಕ್ರಮ್‌ಗೆ ಫ್ರಾನ್ಸ್‌ನ ಮಾರ್ಕ್ ದಾಲ್ ಮಾಸೊ, ಲೈನ್‌ಔಟ್‌ಗೆ ಇಂಗ್ಲೆಂಡಿನ ಮಾಜಿ ನಾಯಕ ಸ್ಟೀವ್ ಬೋರ್ತ್‌ವಿಕ್. ಲೈನ್‌ಔಟ್ ಅಂದರೆ ಪಕ್ಕದ ಗೆರೆಯಾಚೆ ಹೋದ ಚೆಂಡನ್ನು ಎರಡೂ ತಂಡದವರ ಸಾಲುಗಳ ನಡುವೆ ಎಸೆದು ಆಟ ಮತ್ತೆ ಶುರುಮಾಡುವುದು. ಹಗುರದ ಎಂಟು ಜನ ಭಾರದ ಎಂಟು ಜನರ ಎದುರು ಹಿಂದೆ ಸರಿಯದಿರಬೇಕಾದರೆ ಎಷ್ಟು ತಗ್ಗಿ, ಎಷ್ಟು ಒತ್ತಾಗಿ ಕಟ್ಟಿಕೊಳ್ಳಬೇಕು ಅನ್ನುವುದನ್ನು ದಿನಾ ತಿದ್ದಿದರು. ಕೊನೆಯ ನಿಮಿಷದಲ್ಲಿ ಗೆಲುವು ಬಂದದ್ದು ಸ್ಕ್ರಮ್‌ನಿಂದಲೇ ಅನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ.

ಎಡ್ಡಿ ಜೋನ್ಸ್ ಜಪಾನಿನವರಾ?

ಆಸ್ಟ್ರೇಲಿಯಾದವರು. ತಾಯಿ ಜಪಾನಿ ಮೂಲದವರು. ಹೆಂಡತಿ ಜಪಾನಿನವರು. 2003ರಲ್ಲಿ ಆಸ್ಟ್ರೇಲಿಯಾ ತಂಡವನ್ನು ವಿಶ್ವಕಪ್ ಫೈನಲ್‌ಗೆ ಕರೆದೊಯ್ದಿದ್ದ ಕೋಚ್. 2007ರಲ್ಲಿ ವಿಶ್ವಕಪ್ ಗೆದ್ದ ದಕ್ಷಿಣ ಆಫ್ರಿಕಾ ತಂಡಕ್ಕೆ ಅವರೇ ಸಲಹೆಗಾರರಾಗಿದ್ದರು. ಅಂದರೆ ಎದುರಾಳಿ ಹೇಗೆ ಯೋಚಿಸುತ್ತಾರೆ ಅನ್ನುವುದು ಅವರಿಗೆ ಒಳಗಿನಿಂದಲೇ ಗೊತ್ತಿತ್ತು. 2013ರ ಅಕ್ಟೋಬರ್‌ನಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಚೇತರಿಸಿಕೊಂಡು ಮತ್ತೆ ಅದೇ ಮೈದಾನಕ್ಕೆ ಬಂದರು.

ಪಂದ್ಯ ಹೇಗೆ ಸಾಗಿತು?

ಜಪಾನ್ ಮೊದಲು 3–0 ಮುಂದೆ ಹೋಯಿತು. ಫ್ರಾಂಸ್ವಾ ಲೌ ಟ್ರೈ ಹೊಡೆದು ದಕ್ಷಿಣ ಆಫ್ರಿಕಾವನ್ನು 7–3ಕ್ಕೆ ತಂದರು. ಸರಿ, ಇನ್ನು ಎಲ್ಲರೂ ಅಂದುಕೊಂಡ ಹಾಗೆ ಆಗುತ್ತದೆ ಅನ್ನುವಷ್ಟರಲ್ಲಿ ಜಪಾನ್ ಲೈನ್‌ಔಟ್ ಗೆದ್ದು, ಗುಂಪಾಗಿ ತಳ್ಳಿಕೊಂಡು ಹೋಗಿ, ನಾಯಕ ಮೈಕೆಲ್ ಲೀಚ್ ಗೆರೆಯಾಚೆ ಚೆಂಡು ಒತ್ತಿದರು. ಹೀಗೆ ತಳ್ಳಿಕೊಂಡು ಹೋಗಿ ಟ್ರೈ ಹೊಡೆಯುವುದು ದಕ್ಷಿಣ ಆಫ್ರಿಕಾದ ಸ್ವಂತ ವಿದ್ಯೆ. ಅದನ್ನು ಅವರ ಮೇಲೆಯೇ ಮಾಡಿ ತೋರಿಸಿದರು! ಅರ್ಧ ಆಟಕ್ಕೆ ದಕ್ಷಿಣ ಆಫ್ರಿಕಾ 12, ಜಪಾನ್ 10.

ಎರಡನೇ ಅರ್ಧದಲ್ಲಿ ಲೆಕ್ಕ ಹಿಡಿಯುವುದೇ ಕಷ್ಟ. ದಕ್ಷಿಣ ಆಫ್ರಿಕಾ ಮುಂದೆ ಹೋಗುತ್ತಿತ್ತು, ಅಯುಮು ಗೊರೊಮಾರು ಒದ್ದು ಸಮ ಮಾಡುತ್ತಿದ್ದರು. 19–19, 22–22. ಬದಲಿಯಾಗಿ ಬಂದ ಏಡ್ರಿಯನ್ ಸ್ಟ್ರಾಸ್ ಜಪಾನಿನವರನ್ನು ಸೀಳಿಕೊಂಡು ಹೋಗಿ ಟ್ರೈ ಹೊಡೆದಾಗ 29–22. ಇಷ್ಟು ಹೊತ್ತು ಹೋರಾಡಿದ್ದೇ ಹೆಚ್ಚು ಅಂತ ಎಷ್ಟೋ ಜನ ಅಂದುಕೊಂಡಿರಬೇಕು.

ಆಮೇಲೆ 69ನೇ ನಿಮಿಷ. ಲೈನ್‌ಔಟ್‌ನಿಂದ ಚೆಂಡು ಬಂತು. ಅಲ್ಲಿಯವರೆಗೂ ಹರುಮಿಚಿ ತಾತೆಕಾವಾ ಚೆಂಡು ಸಿಕ್ಕಾಗಲೆಲ್ಲ ತಲೆ ತಗ್ಗಿಸಿ ನೇರವಾಗಿ ನುಗ್ಗುತ್ತಿದ್ದರು. ಎದುರಾಳಿಗಳು ಈ ಸಲವೂ ಹಾಗೇ ಅಂತ ಅವರತ್ತ ಮುಗಿಬಿದ್ದರು. ತಾತೆಕಾವಾ ನುಗ್ಗಲಿಲ್ಲ, ಚೆಂಡು ಕೊಟ್ಟರು. ಅದು ಕೈಬದಲಾಗಿ ಒಳಗೆ ಓಡಿಬಂದ ಕೊತಾರೊ ಮತ್ಸುಶಿಮಾ ಅವರಿಗೆ, ಅವರಿಂದ ಗೊರೊಮಾರು ಅವರಿಗೆ. ಯಾರೂ ಮುಟ್ಟಲಿಲ್ಲ. ಕನ್ವರ್ಷನ್ ಕೂಡ ಸೇರಿ 29–29. ಎಷ್ಟೋ ತಿಂಗಳು ತಿದ್ದಿ ತೀಡಿ ಎತ್ತಿಟ್ಟುಕೊಂಡಿದ್ದ ಆಟ ಅದು ಅಂತ ನೋಡಿದರೇ ಗೊತ್ತಾಗುತ್ತದೆ. ಆ ಪಂದ್ಯದ ಅತಿ ಸುಂದರ ಟ್ರೈ ಯಾವುದು ಅಂದರೆ ನಾನು ಕೊನೆಯದನ್ನಲ್ಲ, ಇದನ್ನೇ ಹೇಳುತ್ತೇನೆ.

73ನೇ ನಿಮಿಷಕ್ಕೆ ಹಾಂದ್ರೆ ಪೊಲಾರ್ಡ್ ಪೆನಾಲ್ಟಿ ಒದ್ದರು. 32–29. ಇಲ್ಲಿ ಒಂದು ಮಾತು. ಟ್ರೈ ಲೆಕ್ಕದಲ್ಲಿ ಮುಂದಿದ್ದ ದಕ್ಷಿಣ ಆಫ್ರಿಕಾ ಜಪಾನಿನ ಗೆರೆಯ ಹತ್ತಿರವೇ ಇತ್ತು. ಆದರೂ ಮೂರು ಅಂಕಕ್ಕೆ ಒದೆಯೋಣ ಅಂದುಕೊಂಡರು. ಅಲ್ಲಿಗೆ ಅವರು ಹೆದರಿದ್ದಾರೆ ಅನ್ನುವುದು ಜಪಾನಿಗೆ ಗೊತ್ತಾಗಿರಬೇಕು ಅಂತ ನನ್ನ ಅನಿಸಿಕೆ.

ಕೊನೆಯಲ್ಲಿ ಡ್ರಾ ಮಾಡಿಕೊಳ್ಳಬಹುದಿತ್ತಂತೆ. ಯಾಕೆ ಬಿಟ್ಟರು?

ಎಲ್ಲರೂ ಕೇಳುವ ಪ್ರಶ್ನೆ ಇದೇ.

ಕೊನೆಯ ನಿಮಿಷಗಳು. ಜಪಾನ್ ಎದುರಾಳಿಯ ಗೆರೆಗೆ ಅಂಟಿಕೊಂಡು ನಿಂತಿದೆ. ತಪ್ಪು ಮಾಡಿದ್ದಕ್ಕೆ ಕೂನಿ ಊಸ್ಟ್‌ಹೈಜನ್ ಅವರಿಗೆ ಹಳದಿ ಕಾರ್ಡ್ ಸಿಕ್ಕಿ, ದಕ್ಷಿಣ ಆಫ್ರಿಕಾ 14 ಜನಕ್ಕೆ ಇಳಿದಿದೆ. ಜಪಾನಿನವರು ಒಮ್ಮೆ ಗೆರೆ ದಾಟಿ ಗುಪ್ಪೆಯಾಗಿ ಬಿದ್ದರು. ಚೆಂಡು ನೆಲ ಮುಟ್ಟಿತಾ ಅಂತ ವಿಡಿಯೊದಲ್ಲೂ ಕಾಣಲಿಲ್ಲ. ಅಂಕ ಇಲ್ಲ. ಮತ್ತೆ ಸ್ಕ್ರಮ್, ಅಲ್ಲೊಂದು ಪೆನಾಲ್ಟಿ. ಒದೆಯಲು ಗೊರೊಮಾರು ಇದ್ದಾರೆ. ಒದ್ದರೆ 32–32. ದಕ್ಷಿಣ ಆಫ್ರಿಕಾ ಜೊತೆ ಡ್ರಾ ಅಂದರೂ ಜಪಾನಿನ ರಗ್ಬಿ ಇತಿಹಾಸದಲ್ಲೇ ಅತಿ ದೊಡ್ಡ ಫಲಿತಾಂಶ.

ಮೇಲೆ ಕೂತಿದ್ದ ಜೋನ್ಸ್ ಕೂಡ ಅದನ್ನೇ ಬಯಸಿದರು. ಮೂರು ಅಂಕ ತಗೊಳ್ಳಿ ಅಂತ ವಾಕಿಟಾಕಿಯಲ್ಲಿ ಕೂಗಿದರು. ಲೀಚ್ ಸ್ಕ್ರಮ್ ಬೇಕು ಅಂದರು. ಜೋನ್ಸ್ ಸಿಟ್ಟಿನಲ್ಲಿ ವಾಕಿಟಾಕಿಯನ್ನೇ ಬಡಿದರಂತೆ. ಆದರೆ ಅದೇ ದಿನ ಬೆಳಿಗ್ಗೆ ಬ್ರೈಟನ್‌ನಲ್ಲಿ ಇಬ್ಬರೂ ಕಾಫಿ ಕುಡಿಯುತ್ತಾ ಕೂತಿದ್ದಾಗ, ಮೈದಾನದಲ್ಲಿ ನಿನಗೆ ಸರಿ ಅನಿಸಿದರೆ ಮುನ್ನುಗ್ಗು, ಕಳೆದುಕೊಳ್ಳೋದು ಏನೂ ಇಲ್ಲ ಅಂತ ಲೀಚ್‌ಗೆ ಹೇಳಿದ್ದವರೂ ಜೋನ್ಸ್ ಅವರೇ.

ಲೀಚ್ ಲೆಕ್ಕ ಹುಚ್ಚು ಧೈರ್ಯದ್ದಲ್ಲ ಅಂತ ನನಗೆ ಖಾತ್ರಿ. ಎದುರಿಗೆ ಒಬ್ಬರು ಕಡಿಮೆ. ಸುಸ್ತಾಗಿರುವುದು ಅವರು, ನಾವಲ್ಲ. ಸ್ಕ್ರಮ್ ನಡೆಯುವಾಗ ಎಂಟು ದೊಡ್ಡ ಆಳುಗಳು ಒಂದೇ ಕಡೆ ಸಿಕ್ಕಿಹಾಕಿಕೊಂಡಿರುತ್ತಾರೆ, ಉಳಿದ ಮೈದಾನ ಖಾಲಿ. ಓಡುವ ತಂಡಕ್ಕೆ ಇದಕ್ಕಿಂತ ಏನು ಬೇಕು?

ಒದೆಯಲ್ಲ, ಸ್ಕ್ರಮ್ ಅಂತ ಗೊತ್ತಾದಾಗ ಮೈದಾನದಲ್ಲಿದ್ದ 29 ಸಾವಿರ ಜನ ಹಾಕಿದ ಕೂಗನ್ನು ವಿಡಿಯೊದಲ್ಲಿ ಕೇಳಿ. ಅಲ್ಲಿದ್ದವರಲ್ಲಿ ಹೆಚ್ಚಿನವರು ಎರಡೂ ದೇಶದವರಲ್ಲ. ಆ ಹೊತ್ತಿಗೆ ಎಲ್ಲರೂ ಜಪಾನಿನವರೇ ಆಗಿದ್ದರು.

ಚೆಂಡು ಹೊರಗೆ ಬಂತು. ಮೊದಲು ಬಲಕ್ಕೆ. ಲೀಚ್ ತಾವೇ ಹಿಡಿದು ನುಗ್ಗಿದರು, ಮೂಲೆಯ ಹತ್ತಿರ ಎದುರಾಳಿಗಳು ಅವರನ್ನು ಕೆಡವಿದರು. ಜಪಾನಿನವರು ಎದ್ದರು, ಮತ್ತೆ ನುಗ್ಗಿದರು. ಒಂದು ಪಾಸ್ ತಪ್ಪಿದರೆ ಪಂದ್ಯ ಮುಗಿದ ಹಾಗೆ. ಅತ್ಸುಶಿ ಹಿವಾಸಾ ಚೆಂಡೆತ್ತಿ ಎಡಕ್ಕೆ ಕೊಟ್ಟರು. ತಾತೆಕಾವಾ ನಡುವಿನವರನ್ನೆಲ್ಲ ದಾಟಿಸಿ ಒಂದು ಉದ್ದ ಪಾಸ್ ಎಸೆದರು. ಅಮನಾಕಿ ಮಾಫಿ ಅದನ್ನು ಹಿಡಿದು, ಅಡ್ಡ ಬಂದವರನ್ನು ಕೈಯಿಂದ ತಳ್ಳಿ, ಎಡಗಡೆ ಕಾರ್ನ್ ಹೆಸ್ಕೆತ್‌ಗೆ ಕೊಟ್ಟರು. ಆಟ ಮುಗಿಯುವ ಹೊತ್ತಿಗೆ ಬದಲಿಯಾಗಿ ಇಳಿದಿದ್ದವರು ಹೆಸ್ಕೆತ್. ಮೂಲೆಯ ಬಾವುಟದ ಪಕ್ಕದಲ್ಲಿ, ಮೈಮೇಲೆ ಬಂದ ಟ್ಯಾಕಲ್ ಸಮೇತ ಜಾರಿಕೊಂಡು ಹೋಗಿ ಚೆಂಡು ಒತ್ತಿದರು. 34–32. ಕನ್ವರ್ಷನ್ ಸೇರಲಿಲ್ಲ, ಸೇರಬೇಕಾಗಿಯೂ ಇರಲಿಲ್ಲ.

ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಮಾಫಿ ಕೈಗೆ ಚೆಂಡು ಬರುವಾಗ ಈಗಲೂ ಮೈ ಜುಮ್ ಅನ್ನುತ್ತದೆ.

ಒದೆಯುವ ಮೊದಲು ಕೈಜೋಡಿಸಿ ಪ್ರಾರ್ಥನೆ ಮಾಡುತ್ತಿದ್ದವರು ಯಾರು?

ಗೊರೊಮಾರು. ಆ ದಿನ ಒಬ್ಬರೇ 24 ಅಂಕ ಗಳಿಸಿದರು. ಸ್ವಲ್ಪ ಬಗ್ಗಿ, ಎರಡೂ ಕೈ ಹೆಣೆದು, ತೋರುಬೆರಳುಗಳನ್ನು ಜೋಡಿಸಿ ಕಂಬದ ಕಡೆ ನೋಡುತ್ತಿದ್ದರು. ನೋಡಲು ಪ್ರಾರ್ಥನೆ ಥರ ಕಂಡರೂ ಅದು ಮನಸ್ಸನ್ನು ಒಂದೆಡೆ ನಿಲ್ಲಿಸುವ ಅಭ್ಯಾಸ. ತಂಡದ ಮನೋಬಲದ ಕೋಚ್ ಕಾವೊರಿ ಅರಾಕಿ ಜೊತೆ ಕೂತು ಹಂತ ಹಂತವಾಗಿ ರೂಢಿಸಿಕೊಂಡದ್ದು. ಪಂದ್ಯದ ನಂತರ ಜಪಾನಿನಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಅದನ್ನು ಅನುಕರಿಸಿದರು.

ಅರ್ಧ ತಂಡ ವಿದೇಶಿಯರೇ ಅಂತೆ. ಹಾಗಿದ್ದರೆ ಅದು ಜಪಾನಿನ ಗೆಲುವು ಹೇಗೆ?

ಅರ್ಧ ಅಲ್ಲ, 31 ಜನರಲ್ಲಿ ಹತ್ತರಷ್ಟು. ಆಗಿನ ನಿಯಮದ ಪ್ರಕಾರ ಮೂರು ವರ್ಷ ಒಂದು ದೇಶದಲ್ಲಿ ವಾಸವಿದ್ದರೆ ಆ ದೇಶಕ್ಕೆ ಆಡಬಹುದಿತ್ತು. ಈಗ ಅದು ಐದು ವರ್ಷ. ಬೇರೆ ಎಷ್ಟೋ ದೇಶಗಳೂ ಆ ನಿಯಮ ಬಳಸಿಕೊಂಡಿವೆ.

ಆದರೆ ನಿಯಮ ಬದಿಗಿಡಿ, ಜನರನ್ನು ನೋಡಿ. ಲೀಚ್ ಹುಟ್ಟಿದ್ದು ನ್ಯೂಜಿಲೆಂಡ್‌ನಲ್ಲಿ, ತಾಯಿ ಫಿಜಿಯವರು. ಹದಿನೈದನೇ ವಯಸ್ಸಿಗೆ ಸಪ್ಪೊರೊ ನಗರದ ಹೈಸ್ಕೂಲಿಗೆ ಬಂದು ಅಲ್ಲೇ ಬೆಳೆದರು. ಟೋಂಗಾದ ಮಾಫಿ ಕ್ಯೋಟೊದಲ್ಲಿ ಕಾಲೇಜು ಓದಿದವರು. ಮತ್ಸುಶಿಮಾ ಹುಟ್ಟಿದ್ದು ಎದುರಾಳಿಯ ದೇಶದ ಪ್ರಿಟೋರಿಯಾದಲ್ಲಿ, ತಂದೆ ಜಿಂಬಾಬ್ವೆಯವರು, ತಾಯಿ ಜಪಾನಿನವರು. ಇವರ ಪಕ್ಕದಲ್ಲೇ ಹೆಗಲು ಕೊಟ್ಟವರು 37 ವರ್ಷದ ಹಿತೋಶಿ ಓನೊ. ಫುಕುಶಿಮಾದ ಹೈನುಗಾರಿಕೆ ಮಾಡುವ ಮನೆಯ ಮಗ, ರಗ್ಬಿ ಚೆಂಡು ಹಿಡಿದದ್ದೇ ಕಾಲೇಜಿಗೆ ಸೇರಿದ ಮೇಲೆ. ಇವರೆಲ್ಲ ಬೆಳಗಿನ ಐದಕ್ಕೆ ಒಟ್ಟಿಗೆ ಎದ್ದು ಒಂದೇ ನೆಲದ ಮೇಲೆ ಬೆವರಿದವರು. ನನಗಂತೂ ಅಷ್ಟು ಸಾಕು.

ಗೆದ್ದ ಮೇಲೆ ಕ್ವಾರ್ಟರ್ ಫೈನಲ್‌ಗೆ ಹೋದರಾ?

ಇಲ್ಲ. ಹೊಟ್ಟೆ ಉರಿಯುವ ವಿಷಯ ಇದು. ನಾಲ್ಕೇ ದಿನಕ್ಕೆ ಸ್ಕಾಟ್ಲೆಂಡ್ ಎದುರು ಆಡಬೇಕಾಯಿತು. ಸ್ಕಾಟ್ಲೆಂಡಿಗೆ ಅದು ಮೊದಲ ಪಂದ್ಯ, ಮೈ ಹಗುರವಾಗಿತ್ತು. ಅರ್ಧ ಆಟಕ್ಕೆ 12–7 ಇತ್ತು, ಆಮೇಲೆ ಜಪಾನಿನ ಕಾಲು ಸೋತು 45–10ಕ್ಕೆ ಮುಗಿಯಿತು. ಸಮೋವಾವನ್ನು 26–5, ಅಮೆರಿಕವನ್ನು 28–18ರಿಂದ ಗೆದ್ದರು.

ಗುಂಪಿನಲ್ಲಿ ಗೆಲುವಿಗೆ 4 ಅಂಕ. ನಾಲ್ಕು ಟ್ರೈ ಹೊಡೆದರೆ ಒಂದು ಬೋನಸ್, 7 ಅಥವಾ ಕಡಿಮೆ ಅಂತರದಲ್ಲಿ ಸೋತರೆ ಇನ್ನೊಂದು. ಬ್ರೈಟನ್‌ನಲ್ಲಿ ಸೋತ ದಕ್ಷಿಣ ಆಫ್ರಿಕಾಕ್ಕೆ ಈ ಎರಡೂ ಸಿಕ್ಕವು. ಜಪಾನ್ ನಾಲ್ಕೂ ಪಂದ್ಯದಲ್ಲಿ ಒಂದು ಬೋನಸ್ಸನ್ನೂ ಪಡೆಯಲಿಲ್ಲ. ಕೊನೆಗೆ ದಕ್ಷಿಣ ಆಫ್ರಿಕಾ 16, ಸ್ಕಾಟ್ಲೆಂಡ್ 14, ಜಪಾನ್ 12. ಗುಂಪಿನಲ್ಲಿ ಮೂರು ಪಂದ್ಯ ಗೆದ್ದೂ ಮನೆಗೆ ಹೋದ ಮೊದಲ ತಂಡ ಜಪಾನ್.

ದಕ್ಷಿಣ ಆಫ್ರಿಕಾದ ಕಥೆ ಏನಾಯಿತು?

ಕೋಚ್ ಹೈನೆಕೆ ಮೇಯರ್ ದೇಶದ ಕ್ಷಮೆ ಕೇಳಿದರು. ತಂಡ ಸುಧಾರಿಸಿಕೊಂಡು ಮೂರನೇ ಸ್ಥಾನ ಪಡೆಯಿತು. ಬ್ರೈಟನ್‌ನಲ್ಲಿ ಬದಲಿ ಆಟಗಾರನಾಗಿ ಇಳಿದಿದ್ದ ಸಿಯಾ ಕೊಲಿಸಿ ನಾಲ್ಕು ವರ್ಷದ ನಂತರ ನಾಯಕನಾಗಿ ವಿಶ್ವಕಪ್ ಎತ್ತಿದರು. ಎತ್ತಿದ್ದು ಜಪಾನಿನ ನೆಲದಲ್ಲೇ.

ಆಮೇಲೆ ಜಪಾನ್ ಅದೇ ಮಟ್ಟ ಉಳಿಸಿಕೊಂಡಿತಾ?

ಉಳಿಸಿಕೊಂಡಿತು. 2019ರ ವಿಶ್ವಕಪ್ ಜಪಾನಿನಲ್ಲಿ ನಡೆಯಿತು, ಏಷ್ಯಾದಲ್ಲಿ ಅದೇ ಮೊದಲು. ಶಿಜುವೊಕಾದಲ್ಲಿ ಐರ್ಲೆಂಡ್ ತಂಡವನ್ನು 19–12ರಿಂದ ಸೋಲಿಸಿದರು. ಹಗಿಬಿಸ್ ಚಂಡಮಾರುತ ಅಪ್ಪಳಿಸಿದ ಮಾರನೇ ದಿನ ಯೊಕೊಹಾಮಾದಲ್ಲಿ ಸ್ಕಾಟ್ಲೆಂಡನ್ನು 28–21ರಿಂದ ಗೆದ್ದು, ಗುಂಪಿನ ನಾಲ್ಕೂ ಪಂದ್ಯ ಗೆದ್ದು ಮೊದಲ ಸಲ ಕ್ವಾರ್ಟರ್ ಫೈನಲ್ ತಲುಪಿದರು. ಆಗಲೂ ನಾಯಕ ಲೀಚ್. ಅಲ್ಲಿ ಸಿಕ್ಕ ಎದುರಾಳಿ ಮತ್ತೆ ದಕ್ಷಿಣ ಆಫ್ರಿಕಾ. ಈ ಸಲ ಅವರು ಮೈಮರೆಯಲಿಲ್ಲ, 26–3.

ಇಂಥ ಬೇರೆ ಗೆಲುವುಗಳು ಇವೆಯಾ?

ಇವೆ. 1991ರಲ್ಲಿ ಪಶ್ಚಿಮ ಸಮೋವಾ ಕಾರ್ಡಿಫ್‌ಗೇ ಹೋಗಿ ವೇಲ್ಸ್ ತಂಡವನ್ನು 16–13ರಿಂದ ಸೋಲಿಸಿತು. 2007ರಲ್ಲಿ ಫಿಜಿ ಅದೇ ವೇಲ್ಸನ್ನು 38–34ರಿಂದ, 2011ರಲ್ಲಿ ಟೋಂಗಾ ಫ್ರಾನ್ಸನ್ನು 19–14ರಿಂದ. ಎಲ್ಲವೂ ಒಳ್ಳೆಯ ಪಂದ್ಯಗಳೇ. ಆದರೆ ಸಮೋವಾ, ಫಿಜಿ, ಟೋಂಗಾದವರು ಮೊದಲಿನಿಂದಲೂ ಗಟ್ಟಿ ರಗ್ಬಿ ಆಳುಗಳು. ಜಪಾನ್ ಏರಿದಷ್ಟು ಎತ್ತರ ಬೇರೆ ಯಾರೂ ಒಂದೇ ಸಂಜೆಯಲ್ಲಿ ಏರಿಲ್ಲ.

ಭಾರತಕ್ಕೂ ರಗ್ಬಿಗೂ ಏನಾದರೂ ನಂಟಿದೆಯಾ?

ಹಳೆಯ ನಂಟು. ಇಂಗ್ಲೆಂಡ್, ಸ್ಕಾಟ್ಲೆಂಡ್ ಪ್ರತಿ ವರ್ಷ ಸೆಣಸುವ ಕಲ್ಕತ್ತಾ ಕಪ್ ಅನ್ನು ಮಾಡಿದ್ದು ಕಲ್ಕತ್ತೆಯ ರಗ್ಬಿ ಕ್ಲಬ್ ಮುಚ್ಚಿದಾಗ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ. ಹೊಸ ನಂಟೂ ಇದೆ: 2025ರಲ್ಲಿ ಮುಂಬೈಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಶುರುವಾಯಿತು. ಏಳೇಳು ಜನರ ಚುಟುಕು ಆಟ. ಆರು ತಂಡಗಳಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಕೂಡ ಒಂದು.

ಮೊದಲ ಸಲ ನೋಡುವವರು ಪೂರ್ತಿ ನೋಡಬೇಕಾ, ಕೊನೆ ಹತ್ತು ನಿಮಿಷ ಸಾಕಾ?

ಪುರುಸೊತ್ತು ಇಲ್ಲದಿದ್ದರೆ 69ನೇ ನಿಮಿಷದಿಂದ ಹಚ್ಚಿ. ಆದರೆ ಒಂದು ಭಾನುವಾರ ಬಿಡುವು ಮಾಡಿಕೊಂಡು ಪೂರ್ತಿ ನೋಡಿ ಅಂತ ಕೇಳಿಕೊಳ್ಳುತ್ತೇನೆ. ಮೊದಲ ಅರ್ಧದಲ್ಲಿ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಟ್ಯಾಕಲ್ ಮಾಡಿ ಬಿದ್ದ ಯಾವುದಾದರೂ ಒಬ್ಬ ಜಪಾನಿ ಆಟಗಾರನನ್ನು ಆರಿಸಿಕೊಂಡು, ಅವರು ಎಷ್ಟು ಬೇಗ ಎದ್ದು ಮತ್ತೆ ಸಾಲಿನಲ್ಲಿ ನಿಲ್ಲುತ್ತಾರೆ ನೋಡಿ. ಆಮೇಲೆ 84ನೇ ನಿಮಿಷದಲ್ಲಿ ಅದೇ ಆಟಗಾರನನ್ನು ಹುಡುಕಿ.